ಟವೆಲ್ ಹಾಕಿದ ಕುರ್ಚಿ

ಸರ್ಕಾರಿ ಕಾಲೇಜಿಗೆ ಅಟೆಂಡರ್ ಆಗಿ ಸೇರುವವನಿಗೆ ಮೊದಲ ದಿನ ಯಾರೂ ಕೆಲಸ ಹೇಳಿಕೊಡುವುದಿಲ್ಲ. ಬೆಲ್ ಇಲ್ಲಿದೆ, ಬೀಗದ ಕೈ ಗೊಂಚಲು ಅಲ್ಲಿದೆ ಎಂದು ತೋರಿಸಿ ಹೋಗಿಬಿಡುತ್ತಾರೆ. ಉಳಿದದ್ದನ್ನೆಲ್ಲ ಬೈಸಿಕೊಂಡೇ ಕಲಿಯಬೇಕು. ನಾನೂ ಹಾಗೇ ಕಲಿತೆ. ಈಗ ನಿವೃತ್ತನಾಗಿ ಮನೆಯ ಜಗುಲಿಯಲ್ಲಿ ಕುಳಿತಿದ್ದೇನೆ. ನನ್ನ ಜಾಗಕ್ಕೆ ಬರುವವರು ಬೈಸಿಕೊಳ್ಳುವುದು ಸ್ವಲ್ಪ ಕಡಿಮೆಯಾಗಲಿ ಎಂದು ಇದನ್ನು ಬರೆಯುತ್ತಿದ್ದೇನೆ. ತಪ್ಪುಗಳಿದ್ದರೆ ಇರಲಿ. ನಾನು ಎಂಟನೇ ತರಗತಿಯ ಅರ್ಧಕ್ಕೆ ಶಾಲೆ ಬಿಟ್ಟವನು. ಓದು ಹತ್ತದೆ ಬಿಟ್ಟದ್ದಲ್ಲ. ಅಪ್ಪ ಹಾಸಿಗೆ ಹಿಡಿದರು, ಹೊಲಕ್ಕೆ ಆಳು ಬೇಕಾಗಿತ್ತು.

ನಮ್ಮ ಕಾಲೇಜು ದೊಡ್ಡಬಳ್ಳಾಪುರದಿಂದ ಒಂದಿಷ್ಟು ದೂರದ ಹೋಬಳಿಯಲ್ಲಿತ್ತು. ಊರಿನ ಹೆಸರು ಬೇಡ. ಅರ್ಧ ಮಕ್ಕಳು ರಾಗಿ, ದ್ರಾಕ್ಷಿ ಬೆಳೆಯುವ ಮನೆಗಳಿಂದ ಬರುತ್ತಿದ್ದರು, ಅರ್ಧ ಮಕ್ಕಳು ಮಗ್ಗದ ಮನೆಗಳಿಂದ. ದಿನಗೂಲಿಯಾಗಿ ಸೇರಿದ ನಾನು ಆಮೇಲೆ ಕಾಯಂ ಆದೆ. ಅದರ ಕಥೆ ಯಾರಿಗೂ ಬೇಡ. ಆದರೆ ಒಂದು ಮಾತನ್ನು ಎದೆ ತಟ್ಟಿಕೊಂಡು ಹೇಳುತ್ತೇನೆ: ನಾನು ಹಾಕಿದ ಕುರ್ಚಿಯ ಸಾಲನ್ನು ಇನ್ನೊಬ್ಬರು ಬಂದು ಸರಿ ಮಾಡಿದ್ದಿಲ್ಲ. ಈ ಕೊನೆಯಿಂದ ಆ ಕೊನೆಗೆ ದಾರ ಹಿಡಿದು ನೋಡಿದರೂ ಒಂದು ಕಾಲು ಆಚೆ ಈಚೆ ಇರುತ್ತಿರಲಿಲ್ಲ.

ಕುರ್ಚಿಯ ಮಾತೇಕೆಂದರೆ, ನನ್ನ ಕೆಲಸದಲ್ಲಿ ಬೆಲ್ ಬಿಟ್ಟರೆ ದೊಡ್ಡದು ಅದೇ. ಪ್ರತಿ ಸರ್ಕಾರಿ ಕಾಲೇಜಿಗೂ ಒಂದು ಅಭಿವೃದ್ಧಿ ಸಮಿತಿ ಇರುತ್ತದೆ. ಕ್ಷೇತ್ರದ ಶಾಸಕರು ಅದರ ಅಧ್ಯಕ್ಷರು, ಪ್ರಾಂಶುಪಾಲರು ಕಾರ್ಯದರ್ಶಿ. ಊರಿನ ನಾಲ್ಕಾರು ಗಣ್ಯರು ಸದಸ್ಯರು, ಮಕ್ಕಳ ತಂದೆತಾಯಿಯರ ಕಡೆಯಿಂದಲೂ ಒಬ್ಬರು. ಕಾಲೇಜಿಗೆ ಏನು ಬೇಕು, ಏನು ಕೆಟ್ಟಿದೆ, ಯಾರು ಸರಿಯಾಗಿ ಕೆಲಸ ಮಾಡುತ್ತಿಲ್ಲ ಎಂದು ಇವರು ಕೂತು ಕೇಳಬೇಕು. ಕೂರಲು ಕುರ್ಚಿ ಹಾಕುವವನು ನಾನು.

ಎಲ್ಲ ಕುರ್ಚಿಗಳೂ ಒಂದೇ ಸಲ ಬಂದ ಒಂದೇ ನಮೂನೆಯ ಪ್ಲಾಸ್ಟಿಕ್ ಕುರ್ಚಿಗಳು. ಅವುಗಳಲ್ಲಿ ಕೈಗಳು ಸೀಳಿರದ ಒಂದನ್ನು ಆರಿಸಿ, ನಡುವೆ ಇಟ್ಟು, ಅದರ ಬೆನ್ನಿಗೆ ಒಂದು ಟರ್ಕಿ ಟವೆಲ್ ಹಾಸಿದರೆ ಅದು ಅಧ್ಯಕ್ಷರ ಕುರ್ಚಿ. ಇದನ್ನು ಯಾವ ಕಾನೂನಿನಲ್ಲಿ ಬರೆದಿದ್ದಾರೋ ಗೊತ್ತಿಲ್ಲ. ನಾನು ಸೇರುವ ಮೊದಲೇ ಇತ್ತು, ನಾನು ಬಿಟ್ಟು ಬಂದ ಮೇಲೂ ಇದೆ.

ಟವೆಲ್ ವಿಷಯದಲ್ಲಿ ಒಮ್ಮೆ ಎಡವಟ್ಟಾಯಿತು. ಚುನಾವಣೆ ಮುಗಿದು ಹೊಸ ಶಾಸಕರು ಮೊದಲ ಸಲ ಬರುವವರಿದ್ದರು. ಬಿಳಿ ಟವೆಲ್ ಒಗೆದು ಒಣಗಿರಲಿಲ್ಲ. ಬೀರುವಿನಲ್ಲಿದ್ದ ಬಣ್ಣದ ಟವೆಲ್ ತೆಗೆದು ಹಾಕಿದೆ. ನೋಡಲು ಹೊಸದು, ಲಕ್ಷಣವಾಗಿತ್ತು. ಶಾಸಕರಿಗಿಂತ ಮುಂಚೆ ಬಂದ ಅವರ ಕಡೆಯ ಹುಡುಗರು ಬಾಗಿಲಲ್ಲೇ ನಿಂತುಬಿಟ್ಟರು.

"ಯಾವನ್ಲಾ ಇದನ್ನ ಹಾಕ್ದೋನು?"

"ನಾನೇ ಕಣಪ್ಪಾ, ಯಾಕೆ?"

"ಸೋತೋರ ಬಣ್ಣ ತಂದು ಗೆದ್ದೋರ ಬೆನ್ನಿಗೆ ಹಾಕ್ತೀಯಲ್ಲ ಗುರು, ತಲೆ ನೆಟ್ಟಗಿದೆಯಾ?"

ನಾನು ಒದ್ದೆ ಟವೆಲ್ಲನ್ನೇ ಹಿಂಡಿ ತಂದು ಹಾಕಿದೆ. ಶಾಸಕರು ಆ ದಿನವೆಲ್ಲ ಬೆನ್ನು ಒದ್ದೆ ಮಾಡಿಕೊಂಡೇ ಕುಳಿತಿದ್ದರು, ಅದಕ್ಕೆ ನನ್ನನ್ನು ಬೈಯಲಿಲ್ಲ. ಆವತ್ತಿನಿಂದ ಎರಡು ಬಿಳಿ ಟವೆಲ್ ಇಟ್ಟುಕೊಂಡೆ. ಹೊಸದಾಗಿ ಸೇರುವವರು ಇದನ್ನು ನೆನಪಿಟ್ಟುಕೊಳ್ಳಿ, ಬಿಳಿಯದೇ ಹಾಕಿ.

ಮೊದಲೆಲ್ಲ ಸಭೆಯ ನೋಟೀಸನ್ನು ನಾನೇ ಸೈಕಲ್ಲಿನಲ್ಲಿ ಮನೆಮನೆಗೆ ಕೊಂಡೊಯ್ಯುತ್ತಿದ್ದೆ. ಬಿಸಿಲಲ್ಲಿ ಬಂದವನಿಗೆ ಮಜ್ಜಿಗೆ ಕೊಡುತ್ತಿದ್ದರು. ಮಜ್ಜಿಗೆ ಕೊಟ್ಟ ದಾಕ್ಷಿಣ್ಯವೋ, ಮುಖ ನೋಡಿ "ಬರ್ತೀನಿ" ಎಂದ ದಾಕ್ಷಿಣ್ಯವೋ, ಐದಾರು ಜನ ಬಂದೇ ಬರುತ್ತಿದ್ದರು. ಆಮೇಲೆ ಫೋನು ಬಂತು. ಆಮೇಲೆ ವಾಟ್ಸಾಪ್ ಗುಂಪು. ಪ್ರಾಂಶುಪಾಲರು ಅದರಲ್ಲಿ ಸಭೆಯ ದಿನ ಹಾಕಿದರೆ ಎಲ್ಲರೂ ಹೆಬ್ಬೆರಳಿನ ಗುರುತು ಕಳಿಸುತ್ತಿದ್ದರು.

"ಗಂಗಣ್ಣ, ಎಲ್ಲಾರೂ ಒಪ್ಪಿದ್ದಾರೆ, ಕುರ್ಚಿ ಹಾಕಯ್ಯಾ," ಎನ್ನುತ್ತಿದ್ದರು ಸಾಹೇಬರು.

ಕುರ್ಚಿ ಹಾಕುತ್ತಿದ್ದೆ. ಸಂಜೆ ತೆಗೆದಿಡುತ್ತಿದ್ದೆ. ನಡುವೆ ಯಾರೂ ಬರುತ್ತಿರಲಿಲ್ಲ. ನಮ್ಮಪ್ಪನ ಕಾಲದಲ್ಲಿ ಓದು ಬಾರದವರು ಹೆಬ್ಬೆಟ್ಟು ಒತ್ತುತ್ತಿದ್ದರು. ಆದರೆ ಒತ್ತಲು ಅವರು ಬರಬೇಕಾಗಿತ್ತು.

ಹಾಗಾದರೆ ಸಭೆ ನಡೆಯುತ್ತಲೇ ಇರಲಿಲ್ಲವೇ? ನಡೆಯುತ್ತಿತ್ತು, ಮದುವೆ ಮನೆಗಳಲ್ಲಿ. ಶಾಸಕರು ಕಾಲೇಜಿಗೆ ಬಾರದಿದ್ದರೂ ಮದುವೆಗಳಿಗೆ ತಪ್ಪದೆ ಹೋಗುತ್ತಿದ್ದರು. ಲಗ್ನದ ತಿಂಗಳು ಬಂತೆಂದರೆ ನಮ್ಮ ಪ್ರಾಂಶುಪಾಲರು ಫೈಲನ್ನು ನನ್ನ ಕೈಗೆ ಕೊಟ್ಟು, ದೇವನಹಳ್ಳಿ ರಸ್ತೆಯ ಯಾವುದಾದರೂ ಕಲ್ಯಾಣ ಮಂಟಪಕ್ಕೆ ಕರೆದುಕೊಂಡು ಹೋಗುತ್ತಿದ್ದರು. ಅವರ ಹೆಸರು ವಿಶ್ವನಾಥಯ್ಯ. ಒಳ್ಳೆಯವರು, ಮಕ್ಕಳಿಗೆ ಗದರಿದ್ದನ್ನು ನಾನು ಕಂಡಿಲ್ಲ. ಯಾರಿಗೆ ಎಲ್ಲಿ ನೋವಾಗುತ್ತದೋ ಎಂದು ಉಸಿರನ್ನೂ ಅಳೆದು ಬಿಡುವ ಮನುಷ್ಯ. ಶಾಸಕರು ಊಟಕ್ಕೆ ಕುಳಿತ ಸಾಲಿನ ಎದುರು ಸಾಲಿನಲ್ಲಿ ಹೇಗೋ ಜಾಗ ಹಿಡಿಯುತ್ತಿದ್ದರು.

"ಏನ್ರೀ ಪ್ರಿನ್ಸಿಪಾಲ್ರೇ, ಚೆನ್ನಾಗಿದೀರಾ?"

"ಚೆನ್ನಾಗಿದೀನಿ ಸಾರ್. ಕಾಲೇಜಿಂದು ಒಂದೆರಡು ವಿಷಯ..."

"ಕಾಂಪೌಂಡ್ ತಾನೆ? ಮಾಡೋಣ."

"ಅದಲ್ಲ ಸಾರ್, ಕುಡಿಯೋ ನೀರಿನ..."

"ಅದೂ ಮಾಡೋಣ. ಏ, ಸಾಹೇಬ್ರ ಎಲೆಗೆ ಹೋಳಿಗೆ ಹಾಕ್ರಪ್ಪಾ."

ಬಸ್ಸಿಗೆ ಕಾಯುವಾಗ ಸಾಹೇಬರು ಕೈ ಒರೆಸಿಕೊಳ್ಳುತ್ತ, "ಇವತ್ತು ಸಭೆ ಚೆನ್ನಾಗಾಯ್ತು ಕಣಯ್ಯಾ ಗಂಗಣ್ಣ," ಎನ್ನುತ್ತಿದ್ದರು. ನನಗೆ ನಗು ಬರುತ್ತಿತ್ತು, ನಗುತ್ತಿರಲಿಲ್ಲ. ಆ ನಗುವನ್ನು ನೆನೆದರೆ ಈಗ ನಾಚಿಕೆಯಾಗುತ್ತದೆ. ಏಕೆಂದರೆ ಮುಂದೆ ಆದದ್ದು ಬೇರೆ.

ನಾನು ಮುಖ್ಯವಾಗಿ ಹೇಳಬೇಕೆಂದಿರುವುದು ಸರೋಜಮ್ಮನ ವಿಷಯ.

ಸರೋಜಮ್ಮ ಮಗ್ಗದ ಶೆಡ್ಡಿನಲ್ಲಿ ಸೀರೆ ನೇಯುವ ಹೆಂಗಸು. ಗಂಡನಿಗೆ ಲಕ್ವ ಹೊಡೆದು ಒಂದು ಕೈ, ಒಂದು ಕಾಲು ಬಿದ್ದುಹೋಗಿತ್ತು. ಮಗಳು ಆಶಾ ನಮ್ಮಲ್ಲಿ ಬಿ.ಎಸ್ಸಿ. ಎರಡನೇ ವರ್ಷ ಓದುತ್ತಿದ್ದಳು. ಬೆಳಗಿನ ಜಾವ ಎದ್ದು ಅಮ್ಮನಿಗೆ ನೂಲು ಸುತ್ತಿಕೊಟ್ಟು, ಅಪ್ಪನಿಗೆ ತಿನ್ನಿಸಿ, ಕಾಲೇಜಿಗೆ ನಡೆದೇ ಬರುತ್ತಿದ್ದಳು. ನಾನು ಲ್ಯಾಬಿನ ಬೀಗ ತೆಗೆಯುವ ಮೊದಲೇ ಬಾಗಿಲಲ್ಲಿ ನಿಂತಿರುತ್ತಿದ್ದಳು.

"ಗಂಗಣ್ಣ, ನಿಮ್ಮ ಬೆಲ್ ಇವತ್ತೂ ಲೇಟು."

"ಲೇಟಲ್ಲ ಕಣಮ್ಮಾ, ನೀನು ಬೇಗ ಬಂದಿದೀಯ."

"ಹಂಗಾದ್ರೆ ನನ್ನ ಗಡಿಯಾರಕ್ಕೇ ಬೆಲ್ ಹೊಡೀರಿ."

ತಂದೆತಾಯಿಯರ ಸಭೆ ಎಂದು ಒಂದು ದಿನ ಕರೆದಾಗ ಬಂದವರಲ್ಲಿ ಕೊನೆಯವರೆಗೆ ಕುಳಿತಿದ್ದವರು ಸರೋಜಮ್ಮ ಒಬ್ಬರೇ. ಸಮಿತಿಗೆ ಒಬ್ಬರ ಹೆಸರು ಬೇಕಾಗಿತ್ತು. ಅವರ ಹೆಸರನ್ನೇ ಹಾಕಿದರು. ಬೇರೆಯವರಾಗಿದ್ದರೆ ಅಲ್ಲಿಗೆ ಮರೆತುಬಿಡುತ್ತಿದ್ದರು. ಇವರು ಮರೆಯಲಿಲ್ಲ. ಮೊದಲ ಸಭೆಗೆ ಅರ್ಧ ಪಾಳಿ ಬಿಟ್ಟು ಬಂದರು. ತಲೆಗೂದಲಿನಲ್ಲಿ ನೂಲಿನ ಧೂಳು ಹಾಗೇ ಇತ್ತು. ಕೊನೆಯ ಸಾಲಿನ ಒಂದು ಕುರ್ಚಿಯಲ್ಲಿ ಕುಳಿತರು. ಸಂಜೆಯವರೆಗೆ ಕುಳಿತೇ ಇದ್ದರು.

"ಅಣ್ಣಾ, ಮಿಕ್ಕೋರೆಲ್ಲ ಎಲ್ಲಿ?"

"ಬರ್ತಾರಮ್ಮಾ."

"ನಮ್ಮ ಶೆಡ್ಡಲ್ಲಿ ಒಂಚೂರು ತಡ ಆದ್ರೆ ಮಾಲೀಕ ಬಾಗಿಲಲ್ಲೇ ನಿಂತಿರ್ತಾನೆ. ಇವರನ್ನ ಕೇಳೋರು ಯಾರೂ ಇಲ್ವಾ?"

"ಕೇಳೋರೇ ಇವರು ಕಣಮ್ಮಾ," ಎಂದೆ.

ಅವರು ನನ್ನ ಮುಖ ನೋಡಿ ನಕ್ಕುಬಿಟ್ಟರು. ಹೋಗುವಾಗ ತಾವು ಕುಳಿತಿದ್ದ ಕುರ್ಚಿಯನ್ನು ತಾವೇ ಎತ್ತಿ ಗೋಡೆಗೆ ಒರಗಿಸಿಟ್ಟರು. ಸಮಿತಿಯ ಸದಸ್ಯರೊಬ್ಬರು ಕುರ್ಚಿ ಎತ್ತಿಟ್ಟದ್ದು ನನ್ನ ಕಣ್ಣಿಗೆ ಬಿದ್ದದ್ದು ಅದೇ ಮೊದಲ ಸಲ.

ಆ ವರ್ಷವೇ ಇಲಾಖೆಯಿಂದ ಆದೇಶ ಬಂತು. ಮಕ್ಕಳು ಕಡಿಮೆ ಇರುವ ವಿಭಾಗಗಳನ್ನು ಮುಚ್ಚಿ, ಇದ್ದ ಮಕ್ಕಳನ್ನು ಬೇರೆ ಕಾಲೇಜಿಗೆ ಸೇರಿಸುತ್ತೇವೆ, ನಿಮ್ಮ ವಿಜ್ಞಾನ ವಿಭಾಗ ಬೆಂಗಳೂರಿನ ಒಂದು ಕಾಲೇಜಿಗೆ ಹೋಗುತ್ತದೆ, ಅಭಿವೃದ್ಧಿ ಸಮಿತಿಗೆ ಆಕ್ಷೇಪಣೆ ಇದ್ದರೆ ಸಭೆ ಸೇರಿ ತೀರ್ಮಾನ ಮಾಡಿ ತಿಂಗಳೊಳಗೆ ಕಳಿಸಿ ಎಂದಿತ್ತು. ಅಂದರೆ ಸಮಿತಿ ಒಂದು ಸಲ ಕೂತು, ಬೇಡ ಎಂದು ಬರೆದು ಕಳಿಸಿದರೆ ವಿಭಾಗ ಉಳಿಯುವ ದಾರಿ ಇತ್ತು. ಪಕ್ಕದ ತಾಲ್ಲೂಕಿನ ಒಂದು ಕಾಲೇಜಿನವರು ಹಾಗೆ ಕಳಿಸಿ ಉಳಿಸಿಕೊಂಡರು.

ಸರೋಜಮ್ಮ ಸಾಹೇಬರ ಕೋಣೆಗೆ ಬಂದರು. ನಾನು ಬಾಗಿಲಲ್ಲಿದ್ದೆ.

"ಸಾರ್, ಬೆಂಗಳೂರಿಗೆ ಹೋಗಿ ಬರ್ಬೇಕಂದ್ರೆ ನನ್ನ ಮಗಳು ಕತ್ತಲಲ್ಲಿ ಹೊರಡ್ಬೇಕು, ಕತ್ತಲಾದ್ಮೇಲೆ ಬರ್ಬೇಕು. ಅವರಪ್ಪನ್ನ ಯಾರು ನೋಡ್ತಾರೆ? ನೂಲು ಯಾರು ಸುತ್ತುತಾರೆ? ಅವಳು ಓದು ಬಿಟ್ಬಿಡ್ತಾಳೆ ಸಾರ್. ನನ್ನ ಕೇಳದೇನೇ ಬಿಟ್ಬಿಡ್ತಾಳೆ. ಅವಳ ಬುದ್ಧಿ ನಂಗೊತ್ತು."

"ಸಭೆ ಕರೀತೀನಮ್ಮಾ," ಎಂದರು ಸಾಹೇಬರು.

ಕರೆದರು. ಪುಣ್ಯಕ್ಕೆ ಈ ಸಲ ಗುಂಪಿನಲ್ಲಿ ಹೆಬ್ಬೆರಳು ಕಳಿಸಿ ಸುಮ್ಮನಾಗಲಿಲ್ಲ, ಸದಸ್ಯರು ಬಂದರು. ಕಾಲೇಜಿನ ಕೆಲಸಗಳನ್ನು ಹಿಡಿಯುತ್ತಿದ್ದ ಕಂಟ್ರಾಕ್ಟರ್, ಸಮಿತಿಯ ಸದಸ್ಯರೂ ಆದ ಮುನಿರಾಜು ಕೂಡ ಬಂದರು. ನಾನು ದಾರ ಹಿಡಿದ ಹಾಗೆ ಕುರ್ಚಿ ಹಾಕಿದ್ದೆ, ನಡುವಿನದಕ್ಕೆ ಇಸ್ತ್ರಿ ಮಾಡಿದ ಬಿಳಿ ಟವೆಲ್ ಹಾಸಿದ್ದೆ. ಬಂದವರ ಹಿಂದೆ ಅವರ ಹುಡುಗರೂ ಬಂದು ಕುಳಿತರು. ಶಾಸಕರು ಮಾತ್ರ ಬರಲಿಲ್ಲ. ಅವರ ಆಪ್ತ ಸಹಾಯಕನಿಗೆ ಫೋನ್ ಮಾಡಿದರೆ, "ದಾರಿಯಲ್ಲಿದ್ದಾರೆ" ಎಂದ. ಆಮೇಲೆ, "ಹೊಸಕೋಟೆ ಕಡೆ ಹೋದ್ರು, ನೀವೇ ಮಾಡ್ಕೊಳ್ಳಿ" ಎಂದ.

ಸಾಹೇಬರು ಕೆಮ್ಮಿ ಗಂಟಲು ಸರಿ ಮಾಡಿಕೊಂಡರು. "ಅಧ್ಯಕ್ಷರು ಬರದೇ ಇದ್ರೆ, ಬಂದೋರಲ್ಲೇ ಒಬ್ಬರು ಅಧ್ಯಕ್ಷತೆ ವಹಿಸಿ ಸಭೆ ನಡೆಸಬಹುದು. ನಿಯಮದಲ್ಲಿದೆ. ಯಾರಾದ್ರೂ..."

ಯಾರೂ ಎದ್ದೇಳಲಿಲ್ಲ. ಎಲ್ಲರೂ ಆ ಟವೆಲ್ ನೋಡಿದರು. "ನೀವು ಕೂತ್ಕಳಿ ಮುನಿರಾಜಣ್ಣ" ಎಂದು ಒಬ್ಬರೆಂದರೆ, "ಅಯ್ಯೋ, ನಂಗ್ಯಾಕಪ್ಪಾ ಬೇಡದ ಉಸಾಬರಿ" ಎಂದು ಅವರು ಕೈ ಮುಗಿದರು. ಕಾಫಿ ಕೊಟ್ಟೆ. ಕಾಫಿ ಆಯಿತು. ಆಗಲೂ ಯಾರೂ ಏಳಲಿಲ್ಲ.

ಅಷ್ಟರಲ್ಲಿ ಸರೋಜಮ್ಮ ಬಂದರು. ಶೆಡ್ಡಿನಿಂದ ಓಡಿಕೊಂಡೇ ಬಂದಿದ್ದರು, ಏದುಸಿರು ಬಿಡುತ್ತಿದ್ದರು. ಸುತ್ತ ನೋಡಿದರು. ಅವರ ಪಾಲಿನ ಕುರ್ಚಿಯಲ್ಲಿ ಮುನಿರಾಜು ಕಡೆಯ ಹುಡುಗನೊಬ್ಬ ಫೋನ್ ನೋಡುತ್ತ ಕುಳಿತಿದ್ದ. ಖಾಲಿ ಇದ್ದದ್ದು ಒಂದೇ. ಸೀದಾ ಹೋಗಿ ಟವೆಲ್ ಹಾಕಿದ ಕುರ್ಚಿಯಲ್ಲಿ ಕುಳಿತುಬಿಟ್ಟರು. ಸೆರಗಿನಿಂದ ಮುಖ ಒರೆಸಿಕೊಂಡು, "ತಡ ಆಯ್ತು, ತಪ್ಪು ತಿಳ್ಕೋಬೇಡಿ. ಶುರು ಮಾಡಿ ಸಾರ್," ಎಂದರು.

ಹಿಂದಿನಿಂದ ಒಬ್ಬ ಹುಡುಗ ಫೋನೆತ್ತಿ ಪಟ ತೆಗೆದ.

"ಏನಮ್ಮಾ," ಎಂದರು ಮುನಿರಾಜು, "ಅದು ಯಾರ ಕುರ್ಚಿ ಅಂತ ಗೊತ್ತಾ?"

"ಖಾಲಿ ಇತ್ತು, ಕೂತೆ."

"ಖಾಲಿ ಇದ್ರೆ ಕೂತ್ಬಿಡೋದಾ? ಶಾಸಕರ ಕುರ್ಚಿ ಅದು. ಅವರ ಕಿವಿಗೆ ಬಿದ್ರೆ ಏನಂತಾರೆ? ನಾವೆಲ್ಲ ಇಲ್ಲಿ ಕೂತು ನೋಡ್ತಾ ಇದ್ವಿ ಅಂತಾರೆ."

ಸರೋಜಮ್ಮ ಎದ್ದರು. ಸಿಟ್ಟಿನಿಂದ ಎದ್ದದ್ದಲ್ಲ. ಟವೆಲ್ ಜಾರಿತ್ತು, ಅದನ್ನು ಸರಿಯಾಗಿ ಹಾಸಿ ಎದ್ದರು. ಗೋಡೆಯ ಪಕ್ಕ ಹೋಗಿ ನಿಂತರು.

"ಆಯ್ತಣ್ಣಾ, ನಿಂತ್ಕೋತೀನಿ. ನೀವು ಮಾತಾಡಿ. ಮಕ್ಕಳ ವಿಷಯ ಮಾತಾಡಿ."

ನಾನು ಹೋಗಿ ಆ ಹುಡುಗನ ಭುಜ ತಟ್ಟಿ ಎಬ್ಬಿಸಿ ಕುರ್ಚಿ ತಂದುಕೊಟ್ಟೆ. ಅವರು ಕೂರಲಿಲ್ಲ. ಅಷ್ಟರಲ್ಲಿ ಸಭೆಯೇ ಎದ್ದಿತ್ತು. ಪಟ ಯಾರ್ಯಾರಿಗೋ ಹೋಗಿದೆ, ಈಗ ತೀರ್ಮಾನ ಮಾಡಿದರೆ ಶಾಸಕರನ್ನು ಬಿಟ್ಟು ಆ ಹೆಂಗಸನ್ನು ಕೂರಿಸಿ ಮಾಡಿದರು ಎಂದಾಗುತ್ತದೆ, ಅವರ ಸಿಟ್ಟು ಇಳಿಯಲಿ, ಇನ್ನೊಂದು ದಿನ ನೋಡೋಣ ಎಂದು ಒಬ್ಬೊಬ್ಬರೇ ಹೊರಗೆ ಹೋದರು. ಸಾಹೇಬರು ಮೇಜಿನ ಮೇಲಿನ ಕಾಗದಗಳನ್ನು ಜೋಡಿಸುತ್ತಲೇ ಇದ್ದರು. ಜೋಡಿಸಿದ್ದನ್ನೇ ಮತ್ತೆ ಜೋಡಿಸುತ್ತಿದ್ದರು.

ಇನ್ನೊಂದು ದಿನ ಬರಲಿಲ್ಲ. ಸಾಹೇಬರು ಮುನಿರಾಜು ಹೇಳಲಿ ಎಂದು ಕಾದರು. ಶಾಸಕರಿಗೆ ಸಿಟ್ಟು ಇಳಿದಿದೆಯೇ ಎಂದು ಮುನಿರಾಜು ಆಪ್ತ ಸಹಾಯಕನನ್ನು ಕೇಳಿದರು. ಆಪ್ತ ಸಹಾಯಕ, ಈಗ ಆ ಮಾತು ಎತ್ತಬೇಡಿ ಎಂದ. ಸರೋಜಮ್ಮ ದಿನ ಬಿಟ್ಟು ದಿನ ಬಂದು ಬಾಗಿಲಲ್ಲಿ ನಿಲ್ಲುತ್ತಿದ್ದರು. ನಾನೇ ಒಂದು ದಿನ ಸಾಹೇಬರಿಗೆ, "ಸಾರ್, ನೀವೇ ಒಂದು ಮಾತು ಅಧ್ಯಕ್ಷರಿಗೆ ನೇರವಾಗಿ ಹೇಳಿ" ಎಂದೆ. "ನಂಗೆ ಇನ್ನೊಂದು ವರ್ಷ ಸರ್ವಿಸ್ ಇದೆ ಕಣೋ ಗಂಗಣ್ಣ" ಎಂದರು. ಕಣ್ಣು ನೆಲದ ಮೇಲಿತ್ತು. ತಿಂಗಳು ಮುಗಿಯಿತು. ಆಕ್ಷೇಪಣೆ ಬಂದಿಲ್ಲವಾದ್ದರಿಂದ ವಿಭಾಗ ವರ್ಗಾಯಿಸಲಾಗಿದೆ ಎಂದು ಎರಡು ಸಾಲಿನ ಆದೇಶ ಬಂತು.

ಬೇರೆ ಮಕ್ಕಳಲ್ಲಿ ಕೆಲವರು ಬೆಂಗಳೂರಿಗೆ ಹೋದರು. ಆಶಾ ಟಿ.ಸಿ. ತೆಗೆದುಕೊಳ್ಳಲು ಒಬ್ಬಳೇ ಬಂದಳು. ಮೊಹರು ಒತ್ತಿ ನಾನೇ ಕೊಟ್ಟೆ.

"ಯಾವ ಕಾಲೇಜಿಗೆ ಸೇರ್ತೀಯಮ್ಮಾ?"

"ನೋಡ್ಬೇಕು ಗಂಗಣ್ಣ," ಎಂದಳು. ಬಾಗಿಲವರೆಗೆ ಹೋಗಿ ತಿರುಗಿ, "ಬೆಲ್ ಸರಿಯಾಗಿ ಹೊಡೀರಿ," ಎಂದಳು. ನಗಲು ನೋಡಿದಳು, ಆಗಲಿಲ್ಲ. ಮುಂದಿನ ವಾರದಿಂದ ಅವಳೂ ಅಮ್ಮನ ಪಕ್ಕದ ಮಗ್ಗಕ್ಕೆ ನಿಂತಳೆಂದು ಕೇಳಿದೆ.

ಲ್ಯಾಬಿನ ಸಾಮಾನನ್ನೆಲ್ಲ ಲಾರಿಯಲ್ಲಿ ತುಂಬಿಕೊಂಡು ಹೋದರು. ಕಪ್ಪು ಕಲ್ಲಿನ ಮೇಜುಗಳನ್ನು ಕೀಳಲಾಗದೆ ಬಿಟ್ಟರು. ಕುರ್ಚಿ ಇಡಲು ಒಂದು ಕೋಣೆ ಕೊಡಿ, ಹೊರಗಿಟ್ಟರೆ ಬಿಸಿಲಿಗೆ ಸೀಳುತ್ತವೆ ಎಂದು ನಾನು ವರ್ಷಗಟ್ಟಲೆ ಕೇಳಿಕೊಂಡಿದ್ದೆ. ಆ ಖಾಲಿ ಲ್ಯಾಬನ್ನು ನನಗೆ ಕೊಟ್ಟರು. ನನ್ನ ಇಡೀ ಸರ್ವಿಸ್ಸಿನಲ್ಲಿ ನಾನು ಕೇಳಿ ಸಮಿತಿಯಿಂದ ಆದ ಕೆಲಸ ಅದೊಂದೇ.

ಸಾಹೇಬರು ನಿವೃತ್ತರಾದ ಮೇಲೆ ಒಂದು ಮದುವೆ ಮನೆಯಲ್ಲಿ ಶಾಸಕರು ಕೈ ತೊಳೆಯಲು ಬಂದಾಗ ನಾನು ನೀರಿನ ಹತ್ತಿರ ನಿಂತಿದ್ದೆ. ಹೊಸ ಪ್ರಾಂಶುಪಾಲರ ಫೈಲು ನನ್ನ ಕಂಕುಳಲ್ಲಿತ್ತು. ಧೈರ್ಯ ಮಾಡಿ ಕೇಳಿಬಿಟ್ಟೆ. "ಸಾರ್, ಆವತ್ತು ಆ ಯಮ್ಮ ನಿಮ್ಮ ಕುರ್ಚೀಲಿ ಕೂತಿದ್ದಕ್ಕೆ ತುಂಬಾ ಬೇಜಾರಾಗಿತ್ತಾ?"

"ಯಾವ ಯಮ್ಮ? ಯಾವ ಕುರ್ಚಿ?"

ಹೇಳಿದೆ. ಅವರು ಕೈ ಒರೆಸುವುದನ್ನು ನಿಲ್ಲಿಸಿ ಕೇಳಿದರು.

"ನಂಗೆ ಯಾರೂ ಹೇಳೇ ಇಲ್ವಲ್ಲಪ್ಪಾ. ಯಾರೋ ಕೂತ್ರೆ ನಂಗೇನು? ಕುರ್ಚಿ ಇರೋದೇ ಕೂರೋಕೆ. ಆವತ್ತೇ ಹೇಳಿದ್ರೆ ನಾನೇ ಡಿಪಾರ್ಟ್‌ಮೆಂಟಿಗೆ ಒಂದು ಫೋನ್ ಹಾಕ್ತಿದ್ದೆ." ಮತ್ತೆ ಕೈ ಒರೆಸಿಕೊಳ್ಳುತ್ತ, "ಆ ಹುಡುಗಿ ಈಗ ಏನ್ಮಾಡ್ತಾಳೆ?" ಎಂದರು. ನಾನು ಉತ್ತರ ಕೊಡುವ ಮೊದಲೇ ಗಂಡಿನ ಕಡೆಯವರು ಬಂದು ಪಟಕ್ಕೆ ಕರೆದುಕೊಂಡು ಹೋದರು.

ಅವರು ಸುಳ್ಳು ಹೇಳಿದರೆಂದು ನನಗೆ ಅನಿಸಲಿಲ್ಲ. ಸುಳ್ಳು ಹೇಳಿದ್ದರೆ ಚೆನ್ನಾಗಿತ್ತು. ಅವರನ್ನು ಬೈದುಕೊಂಡಾದರೂ ಇರಬಹುದಾಗಿತ್ತು. ಇದರಲ್ಲಿ ಯಾರನ್ನು ಹಿಡಿದು ಕೇಳುವುದು? ಸಾಹೇಬರು ಕೆಟ್ಟವರಲ್ಲ. ಮುನಿರಾಜು ಕೂಡ ಬೇಕೆಂದು ಮಾಡಿದವರಲ್ಲ. ಅವರ ತಂಗಿಯ ಮಗನೇ ಆ ವಿಭಾಗದಲ್ಲಿ ಓದುತ್ತಿದ್ದ.

ನನ್ನ ನಿವೃತ್ತಿಯ ದಿನ ಬಂತು. ನಮ್ಮಲ್ಲಿ ನಿವೃತ್ತರಾಗುವವರನ್ನು ನಡುವೆ ಕೂರಿಸಿ ಹಾರ ಹಾಕುವುದು ಪದ್ಧತಿ. ಬೆಳಿಗ್ಗೆ ಕುರ್ಚಿ ಹಾಕಿದವನೂ ನಾನೇ, ಬೇರೆಯವರು ಹಾಕಿದರೆ ಸಾಲು ಸೊಟ್ಟಗಾಗುತ್ತದೆ. ಟವೆಲ್ ಹಾಕಿದವರು ಮಾತ್ರ ಬೇರೆ ಯಾರೋ. "ಬಾ ಗಂಗಣ್ಣ, ಇವತ್ತು ನೀನೇ ಅಧ್ಯಕ್ಷ," ಎಂದು ಎಳೆದು ಕೂರಿಸಿದರು. ಕುಳಿತೆ. ಅದರಲ್ಲಿ ಕುಳಿತವನಿಗೆ ಟವೆಲ್ ಕಾಣುವುದಿಲ್ಲ. ಅದು ಬೆನ್ನ ಹಿಂದೆ ಇರುತ್ತದೆ. ಎದುರಿಗಿರುವವರಿಗೆ ಮಾತ್ರ ಕಾಣುತ್ತದೆ. ಇಷ್ಟು ವರ್ಷ ಹಾಸಿದ ನನಗೆ ಅದು ಅವತ್ತು ತಿಳಿಯಿತು.

ಸರೋಜಮ್ಮನಿಗೆ ನಾನೇ ಹೋಗಿ ಹೇಳಿ ಬಂದಿದ್ದೆ. ಭಾಷಣಗಳ ನಡುವೆ ಅವರು ಬಂದರು. ಹಿಂದೆ ಬೇಕಾದಷ್ಟು ಕುರ್ಚಿ ಖಾಲಿ ಇತ್ತು. ಅವರು ಗೋಡೆಯ ಪಕ್ಕ ನಿಂತರು. ನಾನು ಕೈಸನ್ನೆ ಮಾಡಿದೆ, ಕೂತ್ಕೊಳ್ಳಮ್ಮಾ ಎಂದು. ತಲೆ ಅಲ್ಲಾಡಿಸಿದರು. ಭಾಷಣ ಮಾಡಿದವರು ನನ್ನನ್ನು ಏನೇನೋ ಹೊಗಳಿದರು, ಒಂದೂ ಕಿವಿಗೆ ಬೀಳಲಿಲ್ಲ.

ಎಲ್ಲರೂ ಊಟಕ್ಕೆ ಎದ್ದು ಹೋದ ಮೇಲೆ ಹಾರ ತೆಗೆದಿಟ್ಟು, ಟವೆಲ್ ಎಳೆದು ಹೆಗಲಿಗೆ ಹಾಕಿಕೊಂಡು ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸತೊಡಗಿದೆ. ಸರೋಜಮ್ಮನೂ ಬಂದು ಕೈ ಹಾಕಿದರು.

"ನೀವು ಬಿಡೀಮ್ಮಾ."

"ಇರ್ಲಿ ಬಿಡಣ್ಣಾ. ನಿಮಗೂ ಇವತ್ತು ಕೊನೇ ದಿನ. ಆಶಾ ಒಬ್ಬಳೇ ಎರಡು ಮಗ್ಗ ನೋಡ್ಕೋತಾ ಇದ್ದಾಳೆ, ಬೇಗ ಮುಗಿಸಿ ಹೋಗ್ತೀನಿ."

ಇಬ್ಬರೂ ಹೊತ್ತುಕೊಂಡು ಹೋದೆವು. ನಾನು ಬೀಗ ತೆಗೆದೆ. ಅವರು ಒಳಗೆ ಬಂದು ಕಪ್ಪು ಕಲ್ಲಿನ ಮೇಜುಗಳನ್ನು, ನೀರು ಬಾರದ ನಲ್ಲಿಗಳನ್ನು, ಗೋಡೆಯಲ್ಲಿ ಉಳಿದಿದ್ದ ಮೊಳೆಗಳನ್ನು ನೋಡಿದರು.

"ಇದೇನಾ ಅವಳ ಲ್ಯಾಬು?"

"ಹೂಂ ಕಣಮ್ಮಾ."

"ದಿನಾ ಬಂದು ಹೇಳೋಳು. ನಾನು ಒಂದು ಸಲಾನೂ ನೋಡಿರ್ಲಿಲ್ಲ." ಮೇಜಿನ ಮೇಲೆ ಕೈಯಾಡಿಸಿದರು. ಧೂಳು ಅಂಗೈಗೆ ಹತ್ತಿತು. ಸೆರಗಿನಿಂದ ಮೇಜಿನ ಅಷ್ಟಗಲ ಜಾಗ ಒರೆಸಿದರು. "ಅವಳು ಯಾವ ಕಡೆ ನಿಂತ್ಕೊಳೋಳು?"

ಕಿಟಕಿಯ ಕಡೆಯ ಮೂಲೆ ತೋರಿಸಿದೆ.

ತಂದಿದ್ದ ಕುರ್ಚಿಗಳಲ್ಲಿ ಕೈಗೆ ಸಿಕ್ಕಿದ ಒಂದನ್ನು ಎಳೆದುಕೊಂಡು ಅಲ್ಲಿ ಹಾಕಿ ಕುಳಿತರು. ಮೇಜಿನ ಮೇಲೆ ಎರಡೂ ಕೈ ಇಟ್ಟುಕೊಂಡರು. ನಾನು ಬೀಗ ಹಿಡಿದು ಬಾಗಿಲಲ್ಲಿ ನಿಂತೆ. ಅವರು ಕುಳಿತದ್ದು ಸ್ವಲ್ಪ ಹೊತ್ತಿನ ಹಿಂದೆ ನನ್ನನ್ನು ಕೂರಿಸಿದ್ದ ಕುರ್ಚಿಯಲ್ಲೋ, ಬೇರೆಯದರಲ್ಲೋ ಎಂದು ನೋಡಿದೆ. ಟವೆಲ್ ನನ್ನ ಹೆಗಲ ಮೇಲಿತ್ತು. ಇಷ್ಟು ವರ್ಷ ಕುರ್ಚಿ ಹಾಕಿದ ನನಗೂ ಗುರುತು ಸಿಗಲಿಲ್ಲ.